ಎರಡನೆಯ ಹೆಸರು

ಪ್ರೂಫ್ ನೋಡುವವನ ಹಣೆಬರಹವೇ ವಿಚಿತ್ರ. ಸಾವಿರ ಲಗ್ನಪತ್ರಿಕೆ ಸರಿಯಾಗಿ ನೋಡಿದರೂ ಭೇಷ್ ಅನ್ನುವವರಿಲ್ಲ, ಒಂದರಲ್ಲಿ ತಪ್ಪಿದರೆ ಸಾಯುವ ತನಕ ಬಿಡುವವರಿಲ್ಲ. ಬನಹಟ್ಟಿಯ ಮುರಗೆಪ್ಪನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದೇ ಒಂದು ತಪ್ಪಿಗಾಗಿ ಅವನು ಹತ್ತೊಂಬತ್ತು ವರ್ಷದಿಂದ ಹುನ್ನೂರಿನ ಅಣ್ಣನ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಅವನಿಗೀಗ ಅರವತ್ತಾರು. ಪ್ರೆಸ್ಸಿಗೆ ಸೇರಿದಾಗ ಮೊಳೆ ಜೋಡಿಸುವ ಕೆಲಸ. ಒಂದೊಂದೇ ಸೀಸದ ಅಕ್ಷರ ಹೆಕ್ಕಿ ಸಾಲು ಕಟ್ಟುತ್ತಿದ್ದ. ಕಂಪ್ಯೂಟರ್ ಬಂದ ಮೇಲೆ ಉಳಿದ ಮೂವರು ಮಗ್ಗದ ಕೆಲಸಕ್ಕೆ ಹೋದರು. ಮಾಲಕ ಇವನೊಬ್ಬನನ್ನು ಇಟ್ಟುಕೊಂಡ. ಹಿಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ಕೆಂಪು ಪೆನ್ನು, ಗೋಡೆಯಾಚೆ ಪಕ್ಕದವರ ಪವರ್‌ಲೂಮಿನ ಖಟಖಟ. ಇಷ್ಟೇ ಅವನ ಸಂಸಾರ. ಲಗ್ನ ಆಗಿರಲಿಲ್ಲ. ಅದಕ್ಕೆ ದೊಡ್ಡ ಕಥೆಯೇನೂ ಇಲ್ಲ. ನೋಡಿದ ಎರಡು ಹೆಣ್ಣಿನ ಮನೆಯವರು ಬೇಡವೆಂದರು, ಮೂರನೆಯದನ್ನು ನೋಡುವ ಹೊತ್ತಿಗೆ ತಲೆ ಬೆಳ್ಳಗಾಗಿತ್ತು. ಖಾನಾವಳಿಯಲ್ಲಿ ಎರಡು ಹೊತ್ತು ಊಟ, ಬಾಡಿಗೆ ಕೋಣೆಯಲ್ಲಿ ನಿದ್ದೆ. ಪ್ರೆಸ್ಸಿನಲ್ಲಿ ಅವನಿಗೆ ಹೆಸರು ಕೂಡ ಉಳಿದಿರಲಿಲ್ಲ, ಎಲ್ಲರೂ ಪ್ರೂಫ್ ಕಾಕಾ ಎನ್ನುತ್ತಿದ್ದರು.

ಸುತ್ತ ಹತ್ತೂರಿನ ಲಗ್ನಪತ್ರಿಕೆ ಎಲ್ಲರಿಗಿಂತ ಮೊದಲು ಓದುವವನು ಅವನೇ. ‘ತಾವು ಸಹಕುಟುಂಬ ಸಹಪರಿವಾರ ಆಗಮಿಸಿ’ ಎಂಬ ಸಾಲನ್ನು ಎಷ್ಟು ಸಾವಿರ ಸಲ ಓದಿದ್ದನೋ ಏನೋ. ಕೆಂಪು ಪೆನ್ನಿನಿಂದ ಒಂದೊಂದೇ ಅಕ್ಷರ ಮುಟ್ಟುತ್ತ ಆ ಸಾಲು ದಾಟುತ್ತಿದ್ದ. ಆದರೆ ಒಂದು ಪತ್ರಿಕೆಯೂ ಅವನನ್ನು ಕರೆದದ್ದಲ್ಲ. ಗಿರಾಕಿಗಳು ಬಂದು ಗಂಟು ಹೊತ್ತುಕೊಂಡು ಹೋಗುತ್ತಿದ್ದರು. ಒಳಗೆ ಕೂತವನಿಗೊಂದು ಕೊಡೋಣ ಎಂದು ಯಾರಿಗೂ ಹೊಳೆಯುತ್ತಿರಲಿಲ್ಲ. ಇದರಿಂದ ಅವನಿಗೆ ಬೇಜಾರಾಗುತ್ತಿರಲಿಲ್ಲ ಎಂದರೆ ಸುಳ್ಳು ಹೇಳಿದಂತೆ.

ನಮ್ಮ ಕಡೆ ಪತ್ರಿಕೆ ಹಾಕಿಸುವ ರೀತಿಯೇ ಬೇರೆ. ಹೊಸದಾಗಿ ಬರೆದು ತರುವ ಉಸಾಬರಿ ಯಾರಿಗೂ ಬೇಡ. ಟ್ರಂಕಿನ ತಳದಿಂದ ಹಿಂದಿನ ಲಗ್ನದ ಪತ್ರಿಕೆ ತೆಗೆದು ತಂದು, “ಇದರಂಗ ಮಾಡ್ರಿ, ಹೆಸರು ತಾರೀಖ ಅಷ್ಟ ಬದಲ ಮಾಡ್ರಿ” ಎಂದು ಕೊಟ್ಟು ಹೋಗುತ್ತಾರೆ. ಹೀಗಾಗಿ ತೀರಿಕೊಂಡು ಐದು ವರ್ಷವಾದ ಮುದುಕ ಕೆಳಗೆ ನಿಂತು ಎಲ್ಲರ ಸುಖಾಗಮನ ಬಯಸುತ್ತಿರುತ್ತಾನೆ. ಎರಡು ಮಕ್ಕಳ ತಾಯಿಯಾದವಳು ಪುಟಾಣಿಗಳ ಸಾಲಿನಲ್ಲಿ ‘ನಮ್ಮ ಅತ್ತಿ ಲಗ್ನಕ್ಕ ತಪ್ಪದೇ ಬರ್ರಿ’ ಎನ್ನುತ್ತಿರುತ್ತಾಳೆ. ಇಂಥವನ್ನೆಲ್ಲ ಹಿಡಿಯುವುದೇ ಮುರಗೆಪ್ಪನ ಕೆಲಸ. ಅನುಮಾನ ಬಂದಲ್ಲಿ ಪಕ್ಕದಲ್ಲೊಂದು ಕೆಂಪು ಪ್ರಶ್ನೆ ಚಿಹ್ನೆ ಹಾಕುತ್ತಾನೆ. ಗಿರಾಕಿ ‘ಇರಲಿ’ ಎಂದು ಬರೆದರೆ ಇರುತ್ತದೆ, ಗೀಟು ಎಳೆದರೆ ಹೋಗುತ್ತದೆ. ಪ್ರೆಸ್ಸಿನವರದು ಅದರಲ್ಲಿ ಏನೂ ಇಲ್ಲ. ಗಿರಾಕಿ ಇರಲಿ ಅನ್ನದ ಯಾವುದೂ ಮಶೀನಿಗೆ ಹೋಗಬಾರದು ಎಂಬುದು ಅವನೇ ಮಾಡಿಕೊಂಡ ಕಟ್ಟಳೆ. ಹುನ್ನೂರಿನ ಆ ಘಟನೆಯ ಮರುವಾರವೇ ಮಾಡಿಕೊಂಡದ್ದು.

ಈ ಸಲ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅವನು ಊಟ ಮುಗಿಸಿ ಬರುವ ಹೊತ್ತಿಗೆ ಮೇಜಿನ ಮೇಲೆ ಒಂದು ಪ್ರೂಫ್ ಇತ್ತು. ಕಂಪ್ಯೂಟರಿನ ಮುಂದೆ ಕೂರುವ ರೇಷ್ಮಾ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಅಲ್ಲಿಂದಲೇ ಕೂಗಿ ಹೇಳಿದಳು.

“ಹುನ್ನೂರದವರದು ಐತ್ರಿ ಕಾಕಾ. ತಾಯಿ ಮಗಳು ಜವಳಿ ತಗೋಳಾಕ ರಬಕವಿಗೆ ಬಂದಿದ್ರಂತ, ಹಂಗ ಇಲ್ಲೂ ಬಂದು ಕೊಟ್ಟ ಹೋದ್ರು. ಹಳೇ ಪತ್ರಿಕಿ ಕೆಳಗ ಇಟ್ಟೇನಿ ನೋಡ್ರಿ.”

ಹುನ್ನೂರು ಎಂದರೆ ಸಾವಿರ ಮನೆ. ಆದರೆ ಕೆಳಗಿದ್ದ ಹಳೆಯ ಪತ್ರಿಕೆಯ ತುದಿ ಕಂಡದ್ದೇ ಮುರಗೆಪ್ಪ ಅದನ್ನು ಹೊರಗೆಳೆದ. ಗುಲಾಬಿ ಬಣ್ಣ ಮಾಸಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ನಾಲ್ಕೂ ಮೂಲೆಯಲ್ಲಿ ಅರಿಷಿಣದ ಕಲೆ. ಅದು ಅವನ ಅಣ್ಣ ಶಿವಯೋಗೆಪ್ಪನ ಮಗಳು ನಂದಾಳ ಲಗ್ನದ ಪತ್ರಿಕೆ. ಅವನ ಆ ತಪ್ಪು ಇದ್ದದ್ದು ಅದರಲ್ಲೇ.

ಆ ಪತ್ರಿಕೆಯ ಪ್ರೂಫ್ ಬಂದ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ‘ಸುಖಾಗಮನ ಬಯಸುವವರು’ ಎಂಬುದರ ಕೆಳಗೆ ಮೊದಲು ಅಣ್ಣನ ಹೆಸರು, ಎರಡನೆಯದು ‘ಶ್ರೀ ಮುರಗೆಪ್ಪ ಚನಬಸಪ್ಪ ಕಡಪಟ್ಟಿ’. ಇಪ್ಪತ್ತು ವರ್ಷದಿಂದ ಊರ ಮಂದಿಯ ಹೆಸರು ತಿದ್ದಿದವನು ತನ್ನ ಹೆಸರನ್ನು ಅಚ್ಚಿನಲ್ಲಿ ಕಂಡದ್ದು ಅದೇ ಮೊದಲು. ಓದಿದ. ದೂರ ಹಿಡಿದು ಓದಿದ. ಚಹಾ ಕುಡಿದು ಬಂದು ಮತ್ತೆ ಓದಿದ. ಲಗ್ನ ಇದ್ದದ್ದು ಬುಧವಾರ, ಹತ್ತನೇ ತಾರೀಖು. ಮೇಲಿನ ಸಾಲಿನಲ್ಲಿ ಬುಧವಾರ ಸರಿಯಾಗಿತ್ತು, ತಾರೀಖು ಹನ್ನೊಂದಾಗಿತ್ತು. ಅತ್ತ ಅವನ ಕಣ್ಣು ಹೋಗಲೇ ಇಲ್ಲ.

ಬುಧವಾರ ಲಗ್ನವಾಯಿತು. ಗುರುವಾರ ಮುಂಜಾನೆ ಹಂದರ ಬಿಚ್ಚುತ್ತಿರುವಾಗ ಅತ್ತಿಗೆ ಗುರುಬಸವ್ವನ ತವರಿನವರು ಬೀಳಗಿ ಕಡೆಯಿಂದ ಎರಡು ಟೆಂಪೊ ತುಂಬ ಬಂದಿಳಿದರು. ಹೊಸ ಸೀರೆ, ಕೈಯಲ್ಲಿ ಆಯೇರಿನ ಉಡುಗೊರೆ. ಗುರುಬಸವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಒಲೆ ಹಚ್ಚಿದಳು. ಶಿವಯೋಗೆಪ್ಪ ಮಾತ್ರ ಆ ಮಂದಿಯ ನಡುವೆಯೇ ತಮ್ಮನನ್ನು ನಿಲ್ಲಿಸಿ ಕೇಳಿದ.

“ಊರ ಮಂದಿ ಪತ್ರಿಕಿ ಎಲ್ಲಾ ಕಣ್ಣಾಗ ಎಣ್ಣಿ ಬಿಟ್ಕೊಂಡ ನೋಡ್ತಿ. ನಮ್ಮ ಮನಿದಕ್ಕ ಕುರುಡ ಆದಿ. ನಿನ್ನ ಹೆಸರ ಬಿಟ್ಟ ಬ್ಯಾರೆ ಏನರ ನೋಡಿದಿ ಏನಲೇ?”

ಅಣ್ಣ ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅಂದಿದ್ದ, ಅದು ಖರೇ ಎಂದು ಅಣ್ಣನಿಗೆ ಗೊತ್ತಿರಲಿಲ್ಲ. ಸುಳ್ಳಾಗಿದ್ದರೆ ಮುರಗೆಪ್ಪ ಜಗಳವಾಡಿ, ನಾಲ್ಕು ದಿನ ಮುನಿಸಿಕೊಂಡು ಮತ್ತೆ ಹೋಗುತ್ತಿದ್ದ. ಖರೇ ಆಗಿದ್ದರಿಂದ ಚೀಲ ತಗೊಂಡು ಬನಹಟ್ಟಿಯ ಬಸ್ಸು ಹತ್ತಿದವನು ಹೋಗಲೇ ಇಲ್ಲ. ಅವರೂ ಕರೆಯಲಿಲ್ಲ. ಆಮೇಲೆ ಆ ಮನೆಯ ಪತ್ರಿಕೆಗಳೆಲ್ಲ ಜಮಖಂಡಿಯಲ್ಲೇ ಅಚ್ಚಾದವು. ಮೂರು ವರ್ಷದ ಹಿಂದೆ ಗುರುಬಸವ್ವ ತೀರಿಕೊಂಡದ್ದು ಅವನಿಗೆ ಖಾನಾವಳಿಯಲ್ಲಿ ತಿಳಿಯಿತು, ಅದೂ ಮರುದಿನ. ಹೋಗಿ, ಹೊಲದ ಅಂಚಿನಲ್ಲಿ ಅವಳನ್ನು ಹೂಳಿದ್ದ ಜಾಗಕ್ಕೆ ಒಂದು ಹಿಡಿ ಮಣ್ಣು ಹಾಕಿ, ಮನೆಯ ಕಡೆ ನೋಡದೆ ತಿರುಗಿ ಬಂದಿದ್ದ. ಅಲ್ಲಿಯ ತನಕ ಹೋದವನು ನೂರು ಹೆಜ್ಜೆ ಮುಂದೆ ಹೋಗಬಾರದಿತ್ತೇ ಎಂದರೆ, ಹೋಗಬೇಕಿತ್ತು. ಕಾಲು ಏಳಲಿಲ್ಲ.

ಈಗ ಹೊಸ ಪ್ರೂಫ್ ಮುಂದಿತ್ತು. ಶಿವಯೋಗೆಪ್ಪನ ಮಗ ಗುರುಪಾದನ ಮಗಳು ಸೌಂದರ್ಯಾಳ ಲಗ್ನ. ಆಗ ನಾಲ್ಕು ವರ್ಷದ ಕೂಸು, ಇವನ ಜೇಬಿನಲ್ಲಿ ಕೈ ಹಾಕಿ ಪೆಪ್ಪರಮಿಂಟು ಹುಡುಕುತ್ತಿತ್ತು. ಮುರಗೆಪ್ಪ ಮೊದಲು ತಾರೀಖು ನೋಡಿದ. ಸೋಮವಾರ, ಹನ್ನೆರಡು. ಎದ್ದು ಹೋಗಿ ಗೋಡೆಯ ಕ್ಯಾಲೆಂಡರ್ ನೋಡಿ ಬಂದ. ಸೋಮವಾರ, ಹನ್ನೆರಡು. ಆಮೇಲೆಯೇ ಕಣ್ಣನ್ನು ಕೆಳಗೆ ಬಿಟ್ಟ. ಅಣ್ಣನ ಹೆಸರಿನ ಕೆಳಗೆ, ಗುರುಪಾದನ ಹೆಸರಿನ ಮೇಲೆ, ಇದ್ದಲ್ಲೇ ಇತ್ತು: ಶ್ರೀ ಮುರಗೆಪ್ಪ ಚನಬಸಪ್ಪ ಕಡಪಟ್ಟಿ.

ಒಂದು ಗಳಿಗೆ ಅವನಿಗೆ ಎದೆ ತುಂಬಿ ಬಂತು. ಒಂದೇ ಗಳಿಗೆ. ನಲವತ್ತು ವರ್ಷ ಇದೇ ಕೆಲಸ ಮಾಡಿದವನಿಗೆ ಉಳಿದದ್ದು ತಿಳಿಯಲು ಎಷ್ಟು ಹೊತ್ತು ಬೇಕು. ಹಳೆಯ ಪತ್ರಿಕೆ ಕೊಟ್ಟು ‘ಇದರಂಗ ಮಾಡ್ರಿ’ ಎಂದಿದ್ದಾರೆ. ವಧು ವರರ ಹೆಸರು ಬದಲಾಗಿದೆ, ಮೇಲೆ ‘ಲಿಂ. ಗುರುಬಸವ್ವ’ ಬಂದಿದೆ, ಲಿಂಗೈಕ್ಯರಾದವರಿಗೆ ಹಾಕುವಂತೆ. ಉಳಿದದ್ದನ್ನು ಯಾರೂ ನೋಡಿಲ್ಲ. ಅವನ ಹೆಸರನ್ನು ಯಾರೂ ಕರೆದು ಕೂರಿಸಿಲ್ಲ, ಎಬ್ಬಿಸುವುದನ್ನು ಮರೆತಿದ್ದಾರೆ ಅಷ್ಟೇ.

ಸುಮ್ಮನೆ ಬಿಟ್ಟಿದ್ದರೆ ಅಚ್ಚಾಗಿ ಹೋಗುತ್ತಿತ್ತು. ಏಳುನೂರು ಮನೆಗೆ ಅವನ ಹೆಸರು ಹೋಗುತ್ತಿತ್ತು. ಆ ಆಸೆ ಅವನಿಗೆ ಬರಲಿಲ್ಲವೆಂದಲ್ಲ. ಪ್ರೂಫನ್ನು ಮಡಿಸಿ ‘ಸರಿ’ ಎಂದು ಬರೆಯಲು ಪೆನ್ನು ಕೂಡ ಊರಿದ. ಆದರೆ ಒಮ್ಮೆ ತನ್ನ ಹೆಸರಿನ ಆಸೆಗೆ ಬಿದ್ದು ಕೆಟ್ಟವನು ಮತ್ತೆ ಅದೇ ಹಳ್ಳಕ್ಕೆ ಬೀಳುವಷ್ಟು ದಡ್ಡನಾಗಿರಲಿಲ್ಲ. ತನ್ನ ಹೆಸರಿನ ಪಕ್ಕ ಕೆಂಪು ಪ್ರಶ್ನೆ ಚಿಹ್ನೆ ಹಾಕಿದ. ರೇಷ್ಮಾ ಅದರ ಫೋಟೊ ತೆಗೆದು ಮದುವೆಯ ಹುಡುಗಿ ಸೌಂದರ್ಯಾಳಿಗೆ ವಾಟ್ಸಾಪ್ ಮಾಡಿದಳು.

ಆ ರಾತ್ರಿ ಅವನಿಗೆ ಖಾನಾವಳಿಯ ರೊಟ್ಟಿ ಇಳಿಯಲಿಲ್ಲ. ಏನೂ ಬೇಡ, ‘ಇರಲಿ’ ಎಂಬ ಮೂರು ಅಕ್ಷರ ಬಂದರೆ ಸಾಕು ಎಂದುಕೊಂಡ. ಲಗ್ನಕ್ಕೆ ಕರೆಯದಿದ್ದರೂ ಅಡ್ಡಿಯಿಲ್ಲ.

ಮರುದಿನ ಉತ್ತರ ಬಂತು. ಹುಡುಗಿ ಪ್ರಶ್ನೆ ಚಿಹ್ನೆಗೆ ತನಗೆ ತಿಳಿದಂತೆ ಉತ್ತರ ಕೊಟ್ಟಿದ್ದಳು. ಆ ಫೋಟೊದಲ್ಲೇ ‘ಶ್ರೀ’ ಹೊಡೆದುಹಾಕಿ ಅದರ ಮೇಲೆ ಬೆರಳಿನಿಂದ ದುಂಡಗೆ ‘ಲಿಂ.’ ಎಂದು ಬರೆದಿದ್ದಳು.

ರೇಷ್ಮಾ ಅದನ್ನು ನೋಡಿ ತನ್ನ ಬುದ್ಧಿ ಉಪಯೋಗಿಸಿದಳು. “ಹಂಗಾರ ಈ ಹೆಸರ ಮ್ಯಾಲ ಒಯ್ಯಬೇಕಲ್ರಿ ಕಾಕಾ? ಸತ್ತವರು ಕೆಳಗ ನಿಂತು ಮಂದಿನ ಹೆಂಗ ಕರೀತಾರ?”

“ಖರೆ ಐತಿ,” ಎಂದ ಮುರಗೆಪ್ಪ. ಅವನಿಗೆ ನಗು ಬಂತು. ಪೆನ್ನು ಕೆಳಗಿಟ್ಟ. “ಆ ಹುಡುಗಿಗೆ ಒಂದ ಫೋನ ಹಚ್ಚವಾ. ನಾ ಮಾತಾಡ್ತೇನಿ.”

ಫೋನಿನಲ್ಲಿ ಹುಡುಗಿಯ ದನಿ ಗುರುಬಸವ್ವನದರಂತೆಯೇ ಇತ್ತು. ಮುರಗೆಪ್ಪ ತನ್ನ ಹೆಸರು ಹೇಳಲಿಲ್ಲ.

“ಬನಹಟ್ಟಿ ಪ್ರೆಸ್ಸಿನಿಂದ ಮಾತಾಡಾಕತ್ತೇನವಾ. ಕೆಳಗ ಎರಡನೇ ಹೆಸರಿಗೆ ಲಿಂ. ಅಂತ ಬರದಿ. ಖಾತ್ರಿ ಐತೇನು?”

“ಹೌದ್ರಿ ಅಂಕಲ್. ಅವರು ನಮ್ಮ ಸಣ್ಣಜ್ಜ. ಈಗ ಇಲ್ಲರಿ.”

“ಯಾವಾಗ ತೀರಿಕೊಂಡ್ರು?”

ಹುಡುಗಿ ತಡವರಿಸಿದಳು. “ಅದ ಗೊತ್ತಿಲ್ಲರಿ. ನಾ ಸಣ್ಣಾಕಿದ್ದಾಗ ಇರಬೇಕು. ನಮ್ಮನ್ಯಾಗ ಅವರ ಸುದ್ದಿ ಯಾರೂ ತಗಿಯಂಗಿಲ್ಲ.”

“ಹಿರ್‍ಯಾರನ್ನ ಒಂದ ಮಾತ ಕೇಳವಾ. ಜೀವಂತ ಇದ್ದವರಿಗೆ ಲಿಂ. ಹಾಕೂದು ಛಲೋ ಅಲ್ಲ.”

“ತಡೀರಿ, ಅಜ್ಜಾರು ಇಲ್ಲೇ ಅದಾರ.”

ಅವಳು ಫೋನನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದ್ದರಿಂದ ಎಲ್ಲ ಸ್ಪಷ್ಟವಾಗಿ ಕೇಳಿಸಿತು. “ಅಜ್ಜಾ, ಮುರಗೆಪ್ಪಜ್ಜ ಅದಾರೋ, ಹೋಗ್ಯಾರೋ?” ಮುರಗೆಪ್ಪ ಫೋನನ್ನು ಕಿವಿಗೆ ಒತ್ತಿ ಹಿಡಿದ. ಆ ಕಡೆ ಯಾರೋ ಪಾತ್ರೆ ಇಟ್ಟ ಸದ್ದು. ಆಮೇಲೆ ಹತ್ತೊಂಬತ್ತು ವರ್ಷ ಕೇಳದಿದ್ದ ದನಿ, ಮುಪ್ಪಿನಿಂದ ಸವೆದಿತ್ತು.

“ಯಾರ ಕೇಳಾಕತ್ತಾರ?”

“ಪ್ರೂಫ್ ನೋಡಾವರಂತ.”

ಫೋನು ಕಟ್ಟಾಯಿತೇನೋ ಎಂದು ಮುರಗೆಪ್ಪ ಒಮ್ಮೆ ನೋಡಿಕೊಂಡ.

“ಪ್ರೂಫ್ ನೋಡಾಂವಗ ಎಲ್ಲಾ ಗೊತ್ತಿರ್ತೈತಿ,” ಎಂದಿತು ಆ ದನಿ. “ಅಂವಗ ಹೆಂಗ ಸರಿ ಅನಸ್ತೈತಿ ಹಂಗ ಮಾಡಂತ ಹೇಳು. ತಾರೀಖ ಎರಡ ಸಲ ನೋಡಂತನೂ ಹೇಳು.”

ಹುಡುಗಿ ಮತ್ತೆ ಲೈನಿಗೆ ಬಂದಳು. “ಅಂಕಲ್, ಅಜ್ಜಾರ ಏನಂದ್ರಂದ್ರ...”

“ಕೇಳಿಸ್ತವಾ,” ಎಂದು ಮುರಗೆಪ್ಪ ಫೋನು ರೇಷ್ಮಾಳ ಕೈಗೆ ಕೊಟ್ಟ.

ಒಳಗೆ ಹೋಗಿ ಕೂತು ಅಣ್ಣನ ಮಾತನ್ನು ಪ್ರೂಫ್ ನೋಡಿದಂತೆ ಅಕ್ಷರ ಅಕ್ಷರ ಬಿಡಿಸಿ ನೋಡಿದ. ಸತ್ತಿದ್ದಾನೆ ಅನ್ನಲಿಲ್ಲ. ಇದ್ದಾನೆ ಅಂತಲೂ ಅನ್ನಲಿಲ್ಲ. ಬಾ ಅನ್ನಲಿಲ್ಲ. ಇರಲಿ ಅನ್ನಲಿಲ್ಲ. ಹತ್ತೊಂಬತ್ತು ವರ್ಷದ ಹಿಂದಿನ ತಾರೀಖನ್ನು ಮಾತ್ರ ತಪ್ಪದೆ ನೆನಪು ಮಾಡಿಕೊಟ್ಟ. ಗಿರಾಕಿ ಇರಲಿ ಅನ್ನದ ಯಾವುದೂ ಮಶೀನಿಗೆ ಹೋಗಬಾರದು. ಕೆಂಪು ಪೆನ್ನು ತೆಗೆದು ತನ್ನ ಹೆಸರಿನ ಮೇಲೆ ಈ ತುದಿಯಿಂದ ಆ ತುದಿಗೆ ಗೀಟು ಎಳೆದ. ಕೆಳಗೆ ‘ಸರಿ ಇದೆ, ಛಾಪಿಸಿ’ ಎಂದು ಬರೆದು ಸಹಿ ಹಾಕಿದ. ರೇಷ್ಮಾ ಆ ಸಾಲು ತೆಗೆದದ್ದೇ ಗುರುಪಾದನ ಹೆಸರು ಮೇಲಕ್ಕೆ ಬಂತು. ನಡುವೆ ಏನೋ ಇತ್ತು ಎಂದು ಹೇಳಲು ಅಲ್ಲಿ ಕೂದಲೆಳೆಯಷ್ಟು ಜಾಗವೂ ಉಳಿಯಲಿಲ್ಲ.

ಪತ್ರಿಕೆ ಅಚ್ಚಾದ ಮೂರನೆಯ ದಿನ, ಹನ್ನೊಂದರ ಸುಮಾರಿಗೆ, ಒಬ್ಬ ಮುದುಕ ಚೀಲ ಹಿಡಿದುಕೊಂಡು ಪ್ರೆಸ್ಸಿನ ಮೆಟ್ಟಿಲು ಹತ್ತಿದ. ಒಳಗಿನ ಅರ್ಧ ಬಾಗಿಲಿನಿಂದ ಮುರಗೆಪ್ಪ ನೋಡಿದ. ಅಣ್ಣ ಗಿಡ್ಡ ಆಗಿದ್ದ. ಎದ್ದು ಹೋಗಬೇಕೋ ಬೇಡವೋ ತಿಳಿಯದೆ ಕೂತಲ್ಲೇ ಕೂತ.

ಶಿವಯೋಗೆಪ್ಪ ರೇಷ್ಮಾಳಿಂದ ಗಂಟು ಇಸಿದುಕೊಂಡು, ಒಂದು ಪತ್ರಿಕೆ ಎಳೆದು, ದಾರ ಕಟ್ಟಿದ ಚಾಳೀಸನ್ನು ಕಣ್ಣಿಗೆ ಏರಿಸಿದ. ತಾರೀಖಿನ ಮೇಲೆ ಬೆರಳಿಟ್ಟ, ಕ್ಯಾಲೆಂಡರ್ ನೋಡಿದ, ತಲೆಯಾಡಿಸಿದ. ಬೆರಳು ಕೆಳಗಿಳಿಯಿತು. ತನ್ನ ಹೆಸರು ದಾಟಿತು, ನಿಂತಿತು, ಹಿಂದೆ ಬಂತು, ಮತ್ತೆ ಮುಂದೆ ಹೋಯಿತು. ಪತ್ರಿಕೆ ಹಿಡಿದುಕೊಂಡೇ ಅವನು ನೇರ ಒಳಕೋಣೆಗೆ ಬಂದ. ಏಳಲು ಹೋದ ತಮ್ಮನಿಗೆ ಕೈಯಿಂದಲೇ ಕೂರು ಎಂದ.

“ನಿನ್ನ ಹೆಸರ ಎಲ್ಲೈತಿ?”

“ತಗದೇನಿ.”

“ಯಾರ ಹೇಳಿದ್ರ ತಗಿ ಅಂತ?”

“ನೀ ಇರಲಿ ಅನಲಿಲ್ಲ.”

“ತಗಿ ಅಂತ ಅಂದ್ನೇನು?”

ಶಿವಯೋಗೆಪ್ಪ ಎದುರಿನ ಸ್ಟೂಲಿನ ಮೇಲೆ ಕುಸಿದು ಕೂತ.

“ಆ ಹಳೇ ಪತ್ರಿಕಿ ಟ್ರಂಕಿನಾಗಿಂದ ತಗದ ಹುಡುಗಿ ಕೈಯಾಗ ಕೊಟ್ಟಾಂವ ಯಾರಂತ ತಿಳದಿದಿ? ಜಮಖಂಡಿ ಬ್ಯಾಡ, ಬನಹಟ್ಟ್ಯಾಗ ಹಾಕಸು, ಇದರಾಗ ಇದ್ದ ಹೆಸರ ಒಂದೂ ಬಿಡಬ್ಯಾಡ ಅಂದಾಂವ ಯಾರು? ನನಗ ಬಾಯಿಲೆ ಕರ್‍ಯಾಕ ಬರಂಗಿಲ್ಲ. ಪತ್ರಿಕ್ಯಾಗ ನೋಡಿದ್ರ ತಿಳಕೋತಾನ, ಅಂವಂದ ಅದ ಕೆಲಸ ಅಂದ್ಕೊಂಡೆ.”

ಗೋಡೆಯಾಚೆ ಪವರ್‌ಲೂಮು ಕರೆಂಟು ಹೋಗಿ ನಿಂತಿತು. ಮುರಗೆಪ್ಪ ಮೇಜಿನ ಮೇಲಿನ ಕಾಗದಗಳನ್ನು ನೋಡುತ್ತಿದ್ದ, ಒಂದು ಅಕ್ಷರವೂ ಕಾಣುತ್ತಿರಲಿಲ್ಲ. ಆಗ ಹೆಸರನ್ನು ನೋಡಿ ನೋಡಿ ಕೆಟ್ಟ, ಈಗ ಅದನ್ನು ತಾನೇ ಅಳಿಸಿ ಕೆಟ್ಟ. ಏಳುನೂರು ಪತ್ರಿಕೆ ಅಚ್ಚಾಗಿ ಹೋಗಿತ್ತು.

“ಮತ್ತ ತಪ್ಪ ಮಾಡಿದಿ,” ಎಂದ ಶಿವಯೋಗೆಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಎದ್ದು ಹೊರಗೆ ಹೋದ. ಹೋದ ಎಂದೇ ಮುರಗೆಪ್ಪ ತಿಳಿದ. ಆದರೆ ಅವನು ಗಂಟು ಹೊತ್ತುಕೊಂಡು ತಿರುಗಿ ಬಂದು ಮೇಜಿನ ಮೇಲೆ ಇಟ್ಟು ದಾರ ಬಿಚ್ಚಿದ.

“ಬರಿ,” ಎಂದ. “ಎಲ್ಲಾದ್ರಾಗೂ ಕೈಲೆ ಬರಿ.”

ಮುರಗೆಪ್ಪ ಕೆಂಪು ಪೆನ್ನಿಗೆ ಕೈ ಹಾಕಿದ. ಅಣ್ಣ ಅದನ್ನು ಆಚೆ ಸರಿಸಿದ. “ಕೆಂಪದ್ದ ಬ್ಯಾಡ. ಅದು ತಪ್ಪಿಗೆ.”

ರೇಷ್ಮಾ ತನ್ನ ನೀಲಿ ಪೆನ್ನು ತಂದುಕೊಟ್ಟಳು. ಇಬ್ಬರ ಮುಖ ನೋಡಿ ಹೊರಗೆ ಹೋಗಿ ಕೂತಳು. ಮುರಗೆಪ್ಪ ಅಣ್ಣನ ಹೆಸರಿನ ಕೆಳಗಿನ ಸಣ್ಣ ಸಂದಿಯಲ್ಲಿ ಮೊದಲನೆಯದನ್ನು ಬರೆದ. ಅಕ್ಷರ ಸೊಟ್ಟಗಾದವು. ಎರಡನೆಯದು ಸ್ವಲ್ಪ ನೆಟ್ಟಗಾಯಿತು. ಬರೆದದ್ದನ್ನು ಶಿವಯೋಗೆಪ್ಪ ಒಂದೊಂದೇ ತಗೊಂಡು ಚಾಳೀಸಿನ ಹತ್ತಿರ ಹಿಡಿದು ಓದಿ ಪಕ್ಕಕ್ಕೆ ಇಡುತ್ತಿದ್ದ. ಗುರುಬಸವ್ವನ ಮಾತು ಬರಲಿಲ್ಲ, ಟೆಂಪೊದ ಮಾತು ಬರಲಿಲ್ಲ. ಬಿಸಿಲು ಬಾಗಿಲಿನಿಂದ ಮೇಜಿನ ಕಾಲಿನ ತನಕ ಬಂತು.

ನಲವತ್ತೋ ಐವತ್ತೋ ಆಗಿದ್ದಾಗ ಶಿವಯೋಗೆಪ್ಪ ಒಂದು ಪತ್ರಿಕೆಯನ್ನು ಪಕ್ಕಕ್ಕೆ ಇಡದೆ ತಮ್ಮನ ಮುಂದೆ ತಿರುಗಿಸಿ ಇಟ್ಟ. ಕೈ ಸೋತು ಮುರಗೆಪ್ಪ ಅದರಲ್ಲಿ ತನ್ನ ಹೆಸರನ್ನೂ ಮನೆತನದ ಹೆಸರನ್ನೂ ಅಷ್ಟೇ ಬರೆದಿದ್ದ.

“ಅಪ್ಪನ ಹೆಸರ ಬಿಟ್ಟಿ,” ಎಂದ ಅಣ್ಣ.

ಮುರಗೆಪ್ಪ ಕಣ್ಣೊರೆಸಿಕೊಂಡು, ನಡುವೆ ಜಾಗ ಮಾಡಿ, ಚನಬಸಪ್ಪ ಎಂದು ಸೇರಿಸಿದ.